‘ಶುಗರ್ ಐತಿ, ಗುಳಿಗೆ ಒಲ್ಲೆ’ ಅನ್ನುವ ಗಂಡ, ‘ಆಮ್ಯಾಲೆ ನೋಡೋಣ’ ಅನ್ನುವ ಹೆಂಡತಿ: ಮನೆಯವರು ಏನು ಮಾಡಬಹುದು?

ಹಾವೇರಿ: ಅಂಗಡಿಯವರ ಮನೆಯಾದರೆ ರಕ್ತ ಪರೀಕ್ಷೆಯ ರಿಪೋರ್ಟ್ ಗಲ್ಲಾದ ಡ್ರಾದಲ್ಲಿ, ಹಳೇ ಉದ್ರಿ ಪುಸ್ತಕದ ಕೆಳಗೆ ಇರುತ್ತದೆ. ರೈತರ ಮನೆಯಾದರೆ ಪಹಣಿ, ಪಾಸ್‌ಬುಕ್ ಇಟ್ಟ ಪ್ಲಾಸ್ಟಿಕ್ ಚೀಲದಲ್ಲಿ. ಹೆಂಡತಿ ಕೇಳಿದರೆ ‘ಸ್ವಲ್ಪ ಜಾಸ್ತಿ ಬಂದೈತಿ, ಏನೂ ಆಗಂಗಿಲ್ಲ ಬಿಡು’ ಎಂಬ ಉತ್ತರ. ಎಷ್ಟು ಜಾಸ್ತಿ ಎಂದು ಕೇಳಿದರೆ ಸಿಟ್ಟು. ಗುಳಿಗೆ ಶುರುವಾಗಿ ಎರಡು ವಾರಕ್ಕೆ ನಿಂತಿರುತ್ತದೆ. ಮನೆಯಲ್ಲಿ ದಿನಾ ಅದೇ ಜಗಳ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ಊರಿನ ಓಣಿಗೆ ಹೋದರೂ ಈ ಕಥೆ ಹೊಸದಲ್ಲ. ದೇಶದ ಲೆಕ್ಕವೂ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇವರಿಗೆ ಏನು ಮಾಡಬೇಕು ಎಂದು ಡಾಕ್ಟರು ಹೇಳುತ್ತಾರೆ. ಇವರ ಜೊತೆ ಬಾಳುವವರು ಏನು ಮಾಡಬೇಕು ಎಂದು ಹೇಳುವವರು ಕಡಿಮೆ. ಇದು ಅವರಿಗಾಗಿ ಬರೆದದ್ದು.

ನೋವೇ ಇಲ್ಲದ ಕಾಯಿಲೆ

ಒಲ್ಲೆ ಅನ್ನುವವರನ್ನು ಮೊಂಡರು ಎಂದು ಬೈಯುವ ಮುಂಚೆ ಒಂದು ಮಾತು ತಿಳಿದುಕೊಳ್ಳಬೇಕು. ಹಲ್ಲು ನೋವು ಬಂದರೆ ಯಾರೂ ಹೇಳದೇ ದವಾಖಾನೆಗೆ ಓಡುತ್ತೇವೆ. ಶುಗರ್ ಹಾಗಲ್ಲ. ಖಾಲಿ ಹೊಟ್ಟೆಯಲ್ಲಿ 126 ದಾಟಿದರೆ ಅದು ಸಕ್ಕರೆ ಕಾಯಿಲೆ. ಆದರೆ ಮೂತ್ರಪಿಂಡಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಚೆಲ್ಲಲು ಶುರು ಮಾಡುವುದು ರಕ್ತದಲ್ಲಿ ಸುಮಾರು 180 ದಾಟಿದ ಮೇಲೆ. ಪದೇ ಪದೇ ಮೂತ್ರ, ಬಾಯಾರಿಕೆ, ಸುಸ್ತು ಕಾಣುವುದು ಆಮೇಲೆ. ನಡುವಿನ ಈ ಅಂತರದಲ್ಲಿ ಮನುಷ್ಯ ವರ್ಷಗಟ್ಟಲೆ ಆರಾಮಾಗಿ ಅಂಗಡಿ ನಡೆಸುತ್ತಾನೆ, ಹೊಲ ಮಾಡುತ್ತಾನೆ. ‘ನಂಗೇನೂ ಆಗಿಲ್ಲ’ ಅನ್ನುವುದು ಅವನ ಪಾಲಿಗೆ ಸುಳ್ಳಲ್ಲ. ಒಳಗೆ ಕಣ್ಣಿನ, ಕಿಡ್ನಿಯ, ಪಾದದ ಸಣ್ಣ ರಕ್ತನಾಳ ಮತ್ತು ನರಗಳು ಸವೆಯುತ್ತಿರುವುದು ಮಾತ್ರ ಅವನಿಗೆ ಗೊತ್ತಾಗುವುದಿಲ್ಲ.

ಇನ್ನೊಂದು ಕಾರಣ ಹೆದರಿಕೆ. ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಒಳಗಿರುತ್ತದೆ. ಅಪ್ಪನ ಕಾಲು ಕತ್ತರಿಸಿದ್ದನ್ನು ನೋಡಿರುತ್ತಾರೆ. ಮಾವನಿಗೆ ಇನ್ಸುಲಿನ್ ಶುರು ಮಾಡಿದ ಮೇಲೆ ಆರು ತಿಂಗಳು ಬದುಕಲಿಲ್ಲ ಅಂತ ಕೇಳಿರುತ್ತಾರೆ. ಇನ್ಸುಲಿನ್ ಕೊಟ್ಟದ್ದರಿಂದ ಸತ್ತದ್ದಲ್ಲ, ಕೊಡುವುದನ್ನು ಅಷ್ಟು ತಡ ಮಾಡಿದ್ದೇ ಹೆಚ್ಚಿನ ಸಲ ಕಾರಣವಾಗಿರುತ್ತದೆ. ಆದರೆ ನೋಡಿದವರ ಮನಸ್ಸಿನಲ್ಲಿ ‘ಇಂಜೆಕ್ಷನ್ ಅಂದ್ರ ಕಡೀ ಸ್ಟೇಜ್’ ಎಂದು ಕೂತುಬಿಟ್ಟಿದೆ. ‘ಗುಳಿಗೆ ತಗೊಂಡ್ರ ಕಿಡ್ನಿ ಹೋಗ್ತಾವು’ ಎನ್ನುವುದೂ ಅದೇ ಸಾಲಿನದು. ಕಿಡ್ನಿಗೆ ದೊಡ್ಡ ಶತ್ರು ಹತೋಟಿ ತಪ್ಪಿದ ಶುಗರ್ ಮತ್ತು ಬಿಪಿ. ಕಿಡ್ನಿ ಆಗಲೇ ಸೋತಿದ್ದರೆ ಕೆಲವು ಗುಳಿಗೆಗಳ ಪ್ರಮಾಣ ಇಳಿಸಬೇಕಾಗುತ್ತದೆ ಅಥವಾ ಬದಲಿಸಬೇಕಾಗುತ್ತದೆ, ಅದಕ್ಕಾಗಿಯೇ ಡಾಕ್ಟರು ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ನೋಡುವುದು.

ಇಂಗ್ಲಿಷ್ ಗುಳಿಗೆ ಬೇಡ, ಗಿಡದ ಔಷಧಿಯೇ ಸಾಕು ಅನ್ನುವವರಿಗೆ ಒಂದು ಸಂಗತಿ ಹೇಳಿ ನೋಡಿ. ಶುಗರಿಗೆ ಮೊದಲು ಬರೆದುಕೊಡುವ ಮೆಟ್‌ಫಾರ್ಮಿನ್ ಗುಳಿಗೆಯ ಮೂಲವೂ ಒಂದು ಗಿಡವೇ. ಯುರೋಪಿನಲ್ಲಿ ಗೆಲೀಗಾ ಎಂಬ ಗಿಡವನ್ನು ಜನ ಹಿಂದಿನಿಂದ ಔಷಧಿಗೆ ಬಳಸುತ್ತಿದ್ದರು. ಅದರೊಳಗಿನ ಅಂಶದ ಜಾಡು ಹಿಡಿದು ಮಾಡಿದ ಈ ಔಷಧವನ್ನು 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಸಕ್ಕರೆ ಕಾಯಿಲೆಗೆ ಕೊಟ್ಟು ವರದಿ ಮಾಡಿದರು. ಹಿತ್ತಲಿನ ಇನ್ಸುಲಿನ್ ಗಿಡದ ಎಲೆ, ಹಾಗಲಕಾಯಿ ರಸ, ನೆನೆಸಿದ ಮೆಂತ್ಯ ತಿನ್ನುವವರ ಜೊತೆ ವಾದಕ್ಕಿಳಿಯಬೇಡಿ. ಗುಳಿಗೆ ಬಿಟ್ಟು ಅದನ್ನಷ್ಟೇ ತಿನ್ನುವುದು ಬೇಡ, ತಿನ್ನುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡದೇ ಹೇಳುವುದು ಬೇಕು. ಇಷ್ಟಕ್ಕೆ ಒಪ್ಪಿದರೂ ದೊಡ್ಡದು.

ಕಾವಲು ಕಾಯುವುದು ಏಕೆ ಕೆಲಸ ಮಾಡುವುದಿಲ್ಲ

ಹೆಂಡತಿ ಚಹಾದ ಸಕ್ಕರೆ ಡಬ್ಬಿ ಬಚ್ಚಿಡುತ್ತಾಳೆ. ಗಂಡ ಮನೆಯಲ್ಲಿ ಸಪ್ಪೆ ಚಹಾ ಕುಡಿದು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಕಡಕ್ ಚಹಾ ಕುಡಿಯುತ್ತಾನೆ. ಮದುವೆ ಮನೆಯ ಪಂಕ್ತಿಯಲ್ಲಿ ಹತ್ತು ಮಂದಿ ಎದುರಿಗೆ ‘ಅವರಿಗೆ ಹೋಳಿಗಿ ಬಡಿಸಬ್ಯಾಡ್ರಿ, ಶುಗರ್ ಐತಿ’ ಎಂದು ಕೂಗಿದರೆ ಅವನು ಹಟಕ್ಕೆ ಬಿದ್ದು ಎರಡು ಹಾಕಿಸಿಕೊಳ್ಳುತ್ತಾನೆ. ಇದನ್ನು ನೋಡದವರು ಯಾರಿದ್ದಾರೆ? ದೊಡ್ಡವರನ್ನು ಸಣ್ಣ ಹುಡುಗರ ಹಾಗೆ ನಡೆಸಿಕೊಂಡರೆ ಅವರು ಸಣ್ಣ ಹುಡುಗರ ಹಾಗೇ ಕದ್ದು ತಿನ್ನುತ್ತಾರೆ. ಅದಕ್ಕಿಂತ ಕೆಟ್ಟದ್ದು, ಮುಂದೆ ಕಾಲಿಗೆ ಗಾಯವಾದರೂ, ಕಣ್ಣು ಮಂಜಾದರೂ ಬೈಗಳಿಗೆ ಹೆದರಿ ಹೇಳುವುದಿಲ್ಲ. ಮನೆಯವರಿಗೆ ನಿಜವಾಗಿ ನಷ್ಟವಾಗುವುದು ಅಲ್ಲಿ.

ಹಾಗಂತ ಸುಮ್ಮನೆ ಇರಬೇಕಾ? ಅದೂ ಅಲ್ಲ. ‘ನೀವು ಹೀಂಗ ಮಾಡ್ರಿ’ ಅನ್ನುವುದನ್ನು ಬಿಟ್ಟು ‘ನಾವು ಏನ್ ಮಾಡೋಣ’ ಅನ್ನುವುದಕ್ಕೆ ಬರಬೇಕು. ಇದು ಬರೀ ಸಮಾಧಾನದ ಮಾತಲ್ಲ, ಇದರ ಹಿಂದೆ ಲೆಕ್ಕವೂ ಇದೆ. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದವರು ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಗಂಡ ಅಥವಾ ಹೆಂಡತಿಗೆ ಸಕ್ಕರೆ ಕಾಯಿಲೆ ಇದ್ದರೆ ಇನ್ನೊಬ್ಬರಿಗೆ ಬರುವ ಸಂಭವ ಶೇ 26ರಷ್ಟು ಹೆಚ್ಚು ಎಂದು ಕಂಡಿತು. ರಕ್ತ ಸಂಬಂಧ ಇಲ್ಲದಿದ್ದರೂ ಒಲೆ ಒಂದೇ, ತಾಟು ಒಂದೇ, ಕೂತು ಟಿವಿ ನೋಡುವ ಹೊತ್ತೂ ಒಂದೇ. ಆದ್ದರಿಂದ ‘ನಂದೂ ನೋಡಿಸ್ಕೋಬೇಕು, ನೀವೂ ಬರ್ರಿ’ ಎಂದು ಹೊರಡುವುದು ನಾಟಕವಲ್ಲ, ನಿಜವಾದ ಕಾರಣವೇ. ಒಲ್ಲೆ ಅನ್ನುವ ಗಂಡಸರನ್ನು ದವಾಖಾನೆ ಮೆಟ್ಟಿಲು ಹತ್ತಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಕಾಣುವುದಿಲ್ಲ.

ಮಾತು ಎತ್ತುವ ಹೊತ್ತೂ ಮುಖ್ಯ. ಊಟದ ತಾಟಿನ ಮುಂದೆ ಬೇಡ. ಗಿರಾಕಿ ಇದ್ದಾಗ ಬೇಡ. ಮಕ್ಕಳ, ಅತ್ತೆ-ಮಾವಂದಿರ ಎದುರಿಗಂತೂ ಬೇಡವೇ ಬೇಡ. ರಾತ್ರಿ ಅಂಗಡಿ ಬಾಗಿಲು ಹಾಕಿ ಬಂದ ಮೇಲೆ, ಇಬ್ಬರೇ ಇದ್ದಾಗ, ‘ನಿಮಗ ಯಾವುದರ ಚಿಂತಿ ಐತಿ?’ ಎಂದು ಒಂದು ಪ್ರಶ್ನೆ ಕೇಳಿ ಸುಮ್ಮನಿರಿ. ಗುಳಿಗೆಯ ಹೆದರಿಕೆಯೋ, ಖರ್ಚಿನದೋ, ಹೊಟ್ಟೆ ಕೆಡುತ್ತದೆ ಅನ್ನುವುದೋ ಹೊರಗೆ ಬರುತ್ತದೆ. ಮೆಟ್‌ಫಾರ್ಮಿನ್ ಶುರುವಿನಲ್ಲಿ ಹೊಟ್ಟೆ ತೊಳಸುವುದು, ಭೇದಿ ಆಗುವುದು ಉಂಟು. ಊಟದ ಜೊತೆ ತೆಗೆದುಕೊಂಡರೆ ಹಲವರಿಗೆ ಕಡಿಮೆಯಾಗುತ್ತದೆ, ಡಾಕ್ಟರಿಗೆ ಹೇಳಿದರೆ ನಿಧಾನ ಕರಗುವ ಬೇರೆ ನಮೂನೆಯ ಗುಳಿಗೆ ಕೊಡುತ್ತಾರೆ. ಎಷ್ಟೋ ಮಂದಿ ಇಷ್ಟು ಸಣ್ಣ ಕಾರಣಕ್ಕೆ, ಯಾರಿಗೂ ಹೇಳದೇ ಗುಳಿಗೆ ಬಿಟ್ಟಿರುತ್ತಾರೆ.

ಹೋರಿಗೆ ಇರುವ ಪಥ್ಯ

ನಮ್ಮ ಕಡೆ ದೀಪಾವಳಿ ಮುಗಿದರೆ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಹಾರ ಹಾಕಿಕೊಂಡು ಅಖಾಡದಲ್ಲಿ ಓಡುವ ಹೋರಿಯ ಹಿಂದೆ ತಿಂಗಳುಗಟ್ಟಲೆ ದುಡಿಮೆ ಇರುತ್ತದೆ. ಎಷ್ಟು ಹುರಳಿ, ಎಷ್ಟು ಹತ್ತಿಕಾಳು, ಯಾವಾಗ ನೀರು, ಎಷ್ಟು ದೂರ ನಡೆಸಬೇಕು, ಕೆರೆಯಲ್ಲಿ ಎಷ್ಟು ಹೊತ್ತು ಈಜಿಸಬೇಕು, ಎಲ್ಲ ಲೆಕ್ಕ. ಗೊರಸಿನಲ್ಲಿ ಕಲ್ಲು ಸಿಕ್ಕರೆ ಅವತ್ತೇ ತೆಗೆಸುತ್ತಾರೆ. ಅದೇ ಮನುಷ್ಯ ತನ್ನ ಅಂಗಾಲು ನೋಡಿಕೊಂಡು ವರ್ಷವಾಗಿರುತ್ತದೆ! ಇದನ್ನು ಚುಚ್ಚಿ ಹೇಳಿದರೆ ಜಗಳ, ನಗುತ್ತಾ ಹೇಳಿದರೆ ನಾಟುತ್ತದೆ. ಪಥ್ಯ, ಓಡಾಟ, ಕಾಲಿನ ಕಾಳಜಿ, ಇವೆಲ್ಲ ನಮ್ಮವರಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ.

ಅಂಗಡಿಯವರಿಗೆ ಇನ್ನೊಂದು ಲೆಕ್ಕ. ಗಿರಾಕಿ ಬಂದಾಗೊಮ್ಮೆ ಚಹಾ, ದಿನಕ್ಕೆ ಆರು ಕಪ್ ಅಂದುಕೊಳ್ಳಿ. ಒಂದು ಕಪ್ಪಿಗೆ ಎರಡು ಚಮಚ ಸಕ್ಕರೆ, ಚಮಚಕ್ಕೆ ನಾಲ್ಕು ಗ್ರಾಂ. ದಿನಕ್ಕೆ 48 ಗ್ರಾಂ, ತಿಂಗಳಿಗೆ ಹತ್ತಿರ ಹತ್ತಿರ ಒಂದೂವರೆ ಕೆಜಿ ಸಕ್ಕರೆ ಬರೀ ಚಹಾದಲ್ಲೇ ಹೋಯಿತು. ತೂಕ ಮಾಡಿ ಮಾರುವವರಿಗೆ ಈ ಭಾಷೆ ಬೇಗ ತಿಳಿಯುತ್ತದೆ. ಆರು ಕಪ್ಪನ್ನು ಒಮ್ಮೆಲೇ ಬಿಡಿಸಲು ಹೋಗಬೇಡಿ. ಮೊದಲು ಎರಡು ಚಮಚದ್ದು ಒಂದಾಗಲಿ, ಆಮೇಲೆ ಕಪ್ಪು ಕಡಿಮೆಯಾಗಲಿ. ಸಕ್ಕರೆ ಬದಲು ಬೆಲ್ಲ ಹಾಕಿದರೆ ನಡೆಯುತ್ತದೆ ಎನ್ನುವುದು ತಪ್ಪು. ಬೆಲ್ಲವೂ ರಕ್ತದಲ್ಲಿ ಸಕ್ಕರೆಯೇ.

ಅಡುಗೆಮನೆಯಲ್ಲಿ ‘ಅವರದ್ದು’ ಅಂತ ಬೇರೆ ಪಾತ್ರೆ ಇಡುವುದೇ ಮೊದಲ ತಪ್ಪು. ಪಥ್ಯದ ಊಟ ಅಂದರೆ ಸಪ್ಪೆ ಊಟ, ರೋಗಿಯ ಊಟ ಎಂದು ಮನಸ್ಸಿಗೆ ಹತ್ತುತ್ತದೆ. ಮನೆ ಮಂದಿಗೆಲ್ಲ ಒಂದೇ ಅಡುಗೆ ಇರಲಿ, ತಾಟಿನ ಲೆಕ್ಕ ಬದಲಾಗಲಿ. ರೊಟ್ಟಿ ನಾಲ್ಕಿದ್ದದ್ದು ಎರಡಾಗಲಿ, ಪಲ್ಯ ಎರಡು ಪಟ್ಟಾಗಲಿ, ಹೆಸರುಕಾಳು ಉಸಳಿ ಇರಲಿ, ಪಕ್ಕಕ್ಕೆ ಹಕ್ಕರಕಿ, ಮೆಂತೆ ತಪ್ಪಲು, ಮೂಲಂಗಿ, ಸೌತೆಕಾಯಿ. ಜೋಳದ ರೊಟ್ಟಿ ಒಳ್ಳೆಯದೇ, ಆದರೆ ‘ರೊಟ್ಟಿಗೆ ಶುಗರ್ ಏರಂಗಿಲ್ಲ’ ಎಂದು ಐದು ತಿಂದರೆ ಏರುತ್ತದೆ. ಭತ್ತ ಬೆಳೆಯುವ ಹಾನಗಲ್ ಸೀಮೆಯಲ್ಲಿ ಅನ್ನ ಪೂರ್ತಿ ಬಿಡು ಅನ್ನುವುದು ಆಗದ ಮಾತು. ಅರ್ಧ ಮಾಡಿದರೆ ಸಾಕು. ಅದೇ ಹಾನಗಲ್ಲಿನ ಆಪೂಸ್ ಸೀಸನ್ನಿನಲ್ಲಿ ಹಣ್ಣು ಮುಟ್ಟಬಾರದು ಎಂದರೆ ಯಾರೂ ಕೇಳುವುದಿಲ್ಲ. ಊಟದ ಮೇಲೆ ಸೀಕರಣೆ ಬೇಡ, ಸಂಜೆ ಎರಡು ಹೋಳು ತಿಂದರೆ ಅವತ್ತಿನ ರಾತ್ರಿಯ ಅನ್ನ ಅಷ್ಟು ಕಡಿಮೆ, ಹೀಗೆ ಒಪ್ಪಂದ ಮಾಡಿಕೊಳ್ಳಿ. ಸವಣೂರು ಖಾರಾದಲ್ಲಿ ಸಕ್ಕರೆ ಇಲ್ಲವಲ್ಲ ಅನ್ನುವವರೂ ಇದ್ದಾರೆ. ಕಡಲೆ ಹಿಟ್ಟು, ಎಣ್ಣೆ, ಉಪ್ಪು ಇದೆ, ಜೊತೆಗೆ ಚುರುಮುರಿ ಸೇರಿದರೆ ಲೆಕ್ಕ ಬೇರೆಯಾಯಿತು.

ಊಟವಾದ ಮೇಲೆ ಹತ್ತು-ಹದಿನೈದು ನಿಮಿಷ ಇಬ್ಬರೂ ಓಣಿಯಲ್ಲಿ ನಡೆದು ಬನ್ನಿ. ಊಟದ ನಂತರದ ನಡಿಗೆಯಲ್ಲಿ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಅದರ ಪರಿಣಾಮ ಮೀಟರಿನಲ್ಲೇ ಕಾಣುತ್ತದೆ. ನಡೆಯದ ದಿನ ಊಟದ ಎರಡು ತಾಸಿಗೆ ಒಮ್ಮೆ, ನಡೆದ ದಿನ ಒಮ್ಮೆ ನೋಡಿ ಹೋಲಿಸಲಿ. ಹತ್ತು ಸಲ ಹೇಳಿದರೂ ನಂಬದವರು ತಮ್ಮದೇ ಅಂಕಿ ನೋಡಿ ನಂಬಿದ್ದುಂಟು.

ರಿಪೋರ್ಟಿನ ಅಂಕಿ, ಬಡ್ಡಿಯ ಲೆಕ್ಕ

ಮನೆಯವರಿಗೆ ನೆನಪಿರಬೇಕಾದ ಅಂಕಿಗಳು ಬಹಳಿಲ್ಲ. ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ರ ಒಳಗೆ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 7ರ ಒಳಗೆ. ಇದು ಸಾಮಾನ್ಯ ಗುರಿ. ವಯಸ್ಸಾದವರಿಗೆ, ಹೃದಯ ತೊಂದರೆ ಇದ್ದವರಿಗೆ ಡಾಕ್ಟರು ಸ್ವಲ್ಪ ಸಡಿಲ ಗುರಿ ಇಡುತ್ತಾರೆ.

‘ಈಗ ಆರಾಮ್ ಇದೀನಿ, ಮುಂದ ನೋಡ್ಕೊಳ್ಳೋಣು’ ಅನ್ನುವವರಿಗೆ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ ಉತ್ತರ ಕೊಟ್ಟಿದೆ. 1977ರಲ್ಲಿ ಶುರುವಾಗಿ ಹೊಸದಾಗಿ ಶುಗರ್ ಪತ್ತೆಯಾದ ಐದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಸೇರಿಸಿಕೊಂಡ ಆ ಅಧ್ಯಯನದ ಫಲಿತಾಂಶ 1998ರಲ್ಲಿ ಬಂತು. ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳಗಳ ತೊಂದರೆ ಶೇ 25ರಷ್ಟು ಕಡಿಮೆ. ಸ್ವಾರಸ್ಯ ಇರುವುದು ಆಮೇಲೆ. ಅಧ್ಯಯನ ಮುಗಿದ ಒಂದು ವರ್ಷದೊಳಗೆ ಎರಡೂ ಗುಂಪಿನವರ ಶುಗರ್ ಮಟ್ಟ ಒಂದೇ ಆಯಿತು. ಆದರೂ ಹತ್ತು ವರ್ಷ ಬಿಟ್ಟು, 2008ರಲ್ಲಿ ನೋಡಿದರೆ ಮೊದಲು ಹತೋಟಿಯಲ್ಲಿಟ್ಟವರಿಗೆ ಲಾಭ ಇನ್ನೂ ಬರುತ್ತಲೇ ಇತ್ತು. ಶುರುವಿನ ವರ್ಷಗಳಲ್ಲಿ ಇಟ್ಟ ಠೇವಣಿಗೆ ಬಡ್ಡಿ ಹೆಚ್ಚು ಎಂದು ಅಂಗಡಿಯವರ ಮಾತಿನಲ್ಲಿ ಹೇಳಬಹುದು.

ಖರ್ಚಿನ ಮಾತು. 30 ದಾಟಿದವರಿಗೆ ಶುಗರ್, ಬಿಪಿ ತಪಾಸಣೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ತಾಲೂಕು ಆಸ್ಪತ್ರೆಯಲ್ಲಿ ಎನ್‌ಸಿಡಿ ಕ್ಲಿನಿಕ್ ಎಂದು ಕೇಳಿ. ಊರಿನ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಮೂಲಕವೂ ಹೆಸರು ಬರೆಸಬಹುದು. ಮನೆ ಬಾಗಿಲಲ್ಲೇ ತಪಾಸಣೆ ಮಾಡುವ ರಾಜ್ಯದ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಯಿತು. ನಿಮ್ಮ ಊರಿಗೆ ಯಾವಾಗ ಬರುತ್ತಾರೆ ಎಂದು ಆಶಾ ಅವರನ್ನೇ ಕೇಳಿ. ಹೊರಗೆ ಕೊಳ್ಳುವುದಾದರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಕಡಿಮೆ ಬೆಲೆಗೆ ಸಿಗುತ್ತದೆ. ಚೀಟಿಯಲ್ಲಿ ಕಂಪನಿ ಹೆಸರಿದ್ದರೆ ಮೂಲ ಔಷಧದ ಹೆಸರು ಬರೆಸಿಕೊಂಡು ಹೋಗಿ.

ಅವಳಿಗೆ ಇದ್ದಾಗ

ಇಲ್ಲಿಯವರೆಗೆ ಗಂಡನ ಕಥೆಯೇ ಆಯಿತು. ಹೆಂಡತಿಗೆ ಶುಗರ್ ಇದ್ದರೆ ಅದು ಬೇರೆಯದೇ ರೀತಿ. ಅವಳು ಒಲ್ಲೆ ಅನ್ನುವುದಿಲ್ಲ, ‘ಆಮ್ಯಾಲೆ ನೋಡೋಣ’ ಅನ್ನುತ್ತಾಳೆ. ಮಗಳ ಪರೀಕ್ಷೆ ಮುಗೀಲಿ, ಸುಗ್ಗಿ ಮುಗೀಲಿ, ಅತ್ತೆಯ ಕಣ್ಣಿನ ಆಪರೇಷನ್ ಆಗಲಿ. ಎಲ್ಲರದೂ ಆದ ಮೇಲೆ ಉಂಡು, ಉಳಿದ ಅನ್ನ ಕೆಡಬಾರದು ಎಂದು ಅದನ್ನೂ ಉಂಡು ಮಲಗುತ್ತಾಳೆ. ಗಂಡನ ಗುಳಿಗೆ ತಪ್ಪದೇ ಕೊಡುವವಳು ತನ್ನ ಗುಳಿಗೆಯನ್ನು ಎರಡು ದಿನಕ್ಕೊಂದು ಮಾಡಿ ಹಣ ಉಳಿಸುತ್ತಾಳೆ. ಇಲ್ಲಿ ಗಂಡ ಮಾಡಬೇಕಾದದ್ದು ಉಪದೇಶವಲ್ಲ. ದವಾಖಾನೆಗೆ ಹೋಗುವ ದಿನ ಗೊತ್ತು ಮಾಡಿ, ಅವತ್ತು ಅಂಗಡಿಗೆ ಬೇರೆಯವರನ್ನು ಕೂರಿಸಿ, ಅವಳನ್ನು ಕರೆದುಕೊಂಡು ಹೋಗಬೇಕು. ರಾತ್ರಿ ಅವಳಿಗಾಗಿ ಕಾದು ಜೊತೆಗೆ ಉಣ್ಣಬೇಕು. ಬಸುರಿಯಲ್ಲಿ ಶುಗರ್ ಬಂದು ಹೋಗಿದ್ದವರು ಹೆರಿಗೆಯಾದ 6ರಿಂದ 12 ವಾರದೊಳಗೆ ಮತ್ತೆ ಪರೀಕ್ಷೆ ಮಾಡಿಸಬೇಕು, ಮುಂದೆಯೂ ಬಿಡಬಾರದು. ಇದನ್ನು ನೆನಪಿಡುವ ಕೆಲಸ ಗಂಡನದೇ ಇರಲಿ.

ಉಪವಾಸದ ವಿಷಯ ಸೂಕ್ಷ್ಮ. ಶ್ರಾವಣ ಸೋಮವಾರ, ನವರಾತ್ರಿ ಉಪವಾಸವಿರಲಿ, ಸವಣೂರು, ಬಂಕಾಪುರ, ಶಿಗ್ಗಾಂವಿಯ ಮನೆಗಳ ರಂಜಾನ್ ರೋಜಾ ಇರಲಿ, ‘ಬಿಡು’ ಎಂದು ಹೇಳುವ ಬದಲು ಎರಡು ತಿಂಗಳು ಮುಂಚೆಯೇ ಡಾಕ್ಟರ ಹತ್ತಿರ ಹೋಗಿ ಗುಳಿಗೆಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳಿ. ಕೆಲವರಿಗೆ ಉಪವಾಸ ಬೇಡವೇ ಬೇಡ ಎಂದೂ ಹೇಳುತ್ತಾರೆ. ಬೆರಳು ಚುಚ್ಚಿ ಶುಗರ್ ನೋಡಿದರೆ ರೋಜಾ ಮುರಿಯುವುದಿಲ್ಲ ಎಂದೇ ಹೆಚ್ಚಿನ ಧರ್ಮ ವಿದ್ವಾಂಸರ ಅಭಿಪ್ರಾಯ. 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಅಲ್ಲಿಗೇ ನಿಲ್ಲಿಸಬೇಕು.

ಸಿಟ್ಟು ಬಂದಾಗ ಮೊದಲು ಮೀಟರ್

ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ, ಖಾಲಿ ಹೊಟ್ಟೆಯಲ್ಲಿ ಕುಡಿದರೆ ಶುಗರ್ ಒಮ್ಮೆಲೇ ಇಳಿಯಬಹುದು. ಬೆವರು, ನಡುಕ, ಎದೆ ಬಡಿತ, ಕಾರಣವಿಲ್ಲದ ಸಿಟ್ಟು, ತಾಳಮೇಳ ಇಲ್ಲದ ಮಾತು. ಮನೆಯವರು ಇದನ್ನು ಜಗಳವೆಂದೋ, ನಿಶೆಯೆಂದೋ ತಿಳಿದು ಎದ್ದು ಹೋಗಿಬಿಟ್ಟರೆ ಜೀವಕ್ಕೇ ಅಪಾಯ. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಇದ್ದರೆ, ಮೀಟರ್ ಇಲ್ಲದಿದ್ದರೂ ಅನುಮಾನ ಬಂದರೆ, ನಾಲ್ಕು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಿ. ಸಕ್ಕರೆ ಡಬ್ಬಿ ಬಚ್ಚಿಡುವ ಮನೆಯಲ್ಲಿ ಇಂಥ ಹೊತ್ತಿನಲ್ಲಿ ಸಕ್ಕರೆ ಹುಡುಕುತ್ತಾ ಕೂರಬೇಕಾಗುತ್ತದೆ, ನೋಡ್ರಿ.

ಇನ್ನೊಂದು ವಿಷಯ ಯಾರೂ ಮಾತಾಡುವುದಿಲ್ಲ. ಶುಗರ್ ಹತೋಟಿ ತಪ್ಪಿದರೆ ನರ, ರಕ್ತನಾಳ ಸೋತು ಗಂಡಸರಿಗೆ ಹಾಸಿಗೆಯಲ್ಲಿ ತೊಂದರೆ ಬರುತ್ತದೆ. ಹೆಂಗಸರಿಗೆ ಪದೇ ಪದೇ ತುರಿಕೆ, ಮೂತ್ರದ ಸೋಂಕು. ಅವನು ನಾಚಿ ದೂರ ಸರಿಯುತ್ತಾನೆ, ಅವಳು ಬೇರೆ ಏನೋ ಅಂದುಕೊಳ್ಳುತ್ತಾಳೆ. ಇದು ಕಾಯಿಲೆಯ ಭಾಗ, ಇದಕ್ಕೆ ಚಿಕಿತ್ಸೆ ಇದೆ. ಡಾಕ್ಟರ ಎದುರು ಹೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದು ಕೊಡಿ.

ರಾತ್ರಿ ಐದು ನಿಮಿಷ, ಕಾಲು

ಗದ್ದೆಯಲ್ಲಿ, ಗೋವಿನಜೋಳದ ಹೊಲದಲ್ಲಿ ಬರಿಗಾಲಲ್ಲಿ ನಡೆಯುವವರು ನಾವು. ನರ ಸೋತ ಪಾದಕ್ಕೆ ಕೂಳೆ ಚುಚ್ಚಿದ್ದು ತಿಳಿಯುವುದಿಲ್ಲ. ತನ್ನ ಅಂಗಾಲು ತಾನೇ ನೋಡಿಕೊಳ್ಳುವುದು 50 ದಾಟಿದವರಿಗೆ ಕಷ್ಟ, ಇನ್ನೊಬ್ಬರಿಗೆ ಸುಲಭ. ರಾತ್ರಿ ಮಲಗುವ ಮುಂಚೆ ದೀಪದ ಬೆಳಕಿನಲ್ಲಿ ಅಂಗಾಲು, ಬೆರಳ ಸಂದಿ, ಹಿಮ್ಮಡಿ ನೋಡಿ. ಬಿರುಕು, ಗುಳ್ಳೆ, ಬಣ್ಣ ಬದಲಾದ ಜಾಗ ಇದ್ದರೆ ಮರುದಿನವೇ ದವಾಖಾನೆ. ಸಂತೆ ಮುಗೀಲಿ ಅನ್ನಬೇಡಿ. ಕಾಲು ಉರಿಯುತ್ತದೆ ಎಂದು ಬಿಸಿನೀರಿನಲ್ಲಿ ಇಡಬೇಡಿ, ಸುಟ್ಟದ್ದು ಗೊತ್ತಾಗುವುದಿಲ್ಲ. ಗುಳಿಗೆ ಬೇಡ, ಪರೀಕ್ಷೆ ಬೇಡ ಅನ್ನುವವರೂ ಕಾಲು ನೋಡುವುದಕ್ಕೆ ಬೇಡ ಅನ್ನುವುದು ಕಡಿಮೆ. ಅಲ್ಲಿಂದ ಶುರು ಮಾಡಬಹುದು.

ಇಷ್ಟೆಲ್ಲ ಮಾಡಿದರೂ ಒಪ್ಪದಿದ್ದರೆ ಅದು ನಿಮ್ಮ ತಪ್ಪಲ್ಲ. ಬಲವಂತವಾಗಿ ಗುಳಿಗೆ ನುಂಗಿಸಲು ಆಗುವುದಿಲ್ಲ, ಸಾರಿನಲ್ಲಿ ಕದ್ದು ಹಾಕುವುದಂತೂ ಅಪಾಯ. ಅವರು ಗೌರವ ಕೊಡುವ ಗೆಳೆಯರೋ, ಅಣ್ಣನೋ, ಶುಗರ್ ಇದ್ದೂ ಚೆನ್ನಾಗಿ ನಡೆಸಿಕೊಂಡು ಹೋಗುತ್ತಿರುವ ಪಕ್ಕದ ಅಂಗಡಿಯವರೋ ಒಂದು ಮಾತು ಹೇಳಿದರೆ ಕೆಲವೊಮ್ಮೆ ಮನೆಯವರ ನೂರು ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಯಾವುದರಲ್ಲೂ ಮನಸ್ಸಿಲ್ಲದೆ, ನಿದ್ದೆ ಬಾರದೆ, ‘ಇದ್ದು ಏನ್ ಮಾಡೋದೈತಿ’ ಎಂಬ ಮಾತು ಬರುತ್ತಿದ್ದರೆ ಅದು ಹಟವಲ್ಲ, ಖಿನ್ನತೆ ಇರಬಹುದು. ಅದನ್ನೂ ಡಾಕ್ಟರಿಗೆ ಹೇಳಬೇಕು.

ದವಾಖಾನೆಗೆ ಹೋಗುವ ದಿನ ಬಂದರೆ ಡ್ರಾದ ಹಳೇ ರಿಪೋರ್ಟುಗಳನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ. ಗುಳಿಗೆಯ ಖಾಲಿ ಪಟ್ಟಿಗಳೂ ಇರಲಿ. ಡಾಕ್ಟರ ಮುಂದೆ ನೀವು ಪಕ್ಕದ ಕುರ್ಚಿಯಲ್ಲಿ ಕೂತು, ಮೊದಲು ಅವರೇ ಮಾತಾಡಲು ಬಿಡಿ. ‘ಎರಡು ತಿಂಗಳಿಂದ ಗುಳಿಗಿ ಬಿಟ್ಟೀನ್ರಿ’ ಎಂದು ಅವರ ಬಾಯಿಂದಲೇ ಬಂದರೆ ಅರ್ಧ ಕೆಲಸ ಆಯಿತು. ವರ್ಷಕ್ಕೊಮ್ಮೆಯ ಕಣ್ಣಿನ ಪರದೆ ಪರೀಕ್ಷೆ, ಮೂತ್ರದ ಆಲ್ಬುಮಿನ್ ಪರೀಕ್ಷೆ ಆಗಿದೆಯಾ ಎಂದು ಏಳುವ ಮುಂಚೆ ನೀವು ಕೇಳಿ. ಬರುವಾಗ ನಿಮ್ಮ ಬೆರಳನ್ನೂ ಚುಚ್ಚಿಸಿಕೊಂಡೇ ಬನ್ನಿ.